ಹೊತ್ತು ನೋಡುವ ವಿದ್ಯುತ್ ಮೀಟರು

ಚಾಳಿನ ಮೆಟ್ಟಿಲ ಕೆಳಗೆ ಸಾಲಾಗಿ ನಿಂತ ವಿದ್ಯುತ್ ಮೀಟರುಗಳನ್ನು ಕಾಣದ ಮುಂಬಯಿ ಕನ್ನಡಿಗನಿಲ್ಲ. ಹಳೆಯ ಮೀಟರಿನ ಗಾಜಿನೊಳಗೆ ಅಲ್ಯೂಮಿನಿಯಮ್ ತಟ್ಟೆಯೊಂದು ಮೆಲ್ಲನೆ ತಿರುಗುತ್ತಿತ್ತು. ಎಷ್ಟು ಬಳಸಿದೆವೆಂಬುದನ್ನು ಅದು ಬಲ್ಲುದಾಗಿತ್ತು; ಯಾವಾಗ ಬಳಸಿದೆವೆಂಬುದನ್ನು ಅರಿಯದು. ಈಗ ಬರುತ್ತಿರುವ ಸ್ಮಾರ್ಟ್ ಮೀಟರು ಎರಡನ್ನೂ ಬಲ್ಲುದು. ಅರ್ಧ ತಾಸಿಗೋ ಕಾಲು ತಾಸಿಗೋ ಒಮ್ಮೆ ಲೆಕ್ಕ ಬರೆದಿಟ್ಟು, ತಾನೇ ಕಂಪನಿಗೆ ಕಳುಹಿಸುತ್ತದೆ. 2021ರಲ್ಲಿ ಕೇಂದ್ರ ಸರಕಾರವು ಮಂಜೂರು ಮಾಡಿದ ಯೋಜನೆಯು ಇಂತಹ 25 ಕೋಟಿ ಮೀಟರುಗಳ ಗುರಿಯನ್ನಿಟ್ಟುಕೊಂಡಿತು.

ಹೊತ್ತಿನ ಲೆಕ್ಕವೇಕೆ? ಅಕ್ಕಿ ಬೇಳೆಗಳಂತೆ ವಿದ್ಯುತ್ತನ್ನು ಉಗ್ರಾಣದಲ್ಲಿ ತುಂಬಿಡುವುದು ಸುಲಭವಲ್ಲ. ಉತ್ಪಾದನೆಯೂ ಬಳಕೆಯೂ ಕ್ಷಣಕ್ಷಣಕ್ಕೂ ಸರಿದೂಗಬೇಕು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದಾಗ ಈ ತೂಕ ಸರಳವಾಗಿತ್ತು. ಇಂದು ದೇಶವೆಲ್ಲ ಒಂದೇ ಜಾಲ. ಬೆಂಗಳೂರಿನ ರೈಲುದಾರಿಯಲ್ಲಿ ನಾವು ಕಾಣುವ ರಾಯಚೂರು, ಸೊಲ್ಲಾಪುರಗಳ ನಡುವಣ 765 ಕಿಲೋವೋಲ್ಟ್ ತಂತಿಯೇ 2013ರ ಡಿಸೆಂಬರ್ 31ರಂದು ದಕ್ಷಿಣದ ಜಾಲವನ್ನು ಉಳಿದ ಭಾರತಕ್ಕೆ ಬೆಸೆಯಿತು. ತೂಕ ತಪ್ಪಿದರೆ ಆಗುವ ಅನಾಹುತವನ್ನು 2012ರ ಜುಲೈ 30 ಮತ್ತು 31 ತೋರಿಸಿದ್ದವು. ಉತ್ತರ, ಪೂರ್ವ, ಈಶಾನ್ಯ ಭಾರತಗಳು ಕತ್ತಲಲ್ಲಿ ಮುಳುಗಿದವು. ಈಗ ಪಾವಗಡದಂತಹ ಸೌರ ಕೇಂದ್ರಗಳಿಂದ ನಡುಹಗಲು ವಿದ್ಯುತ್ತು ಹೇರಳ; ಆದರೆ ಮನೆಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಸೂರ್ಯನಿಲ್ಲ.

ಆದುದರಿಂದಲೇ 2023ರ ಕೇಂದ್ರ ನಿಯಮಗಳು ದರವನ್ನು ಹೊತ್ತಿಗೆ ಕಟ್ಟಿಹಾಕಿದವು. ಹಗಲಿನ ಎಂಟು ಸೌರ ತಾಸುಗಳಲ್ಲಿ ದರವು ಕನಿಷ್ಠ ಶೇಕಡಾ 20 ಕಡಿಮೆ. ಬೇಡಿಕೆ ಹೆಚ್ಚಿದ ಹೊತ್ತಿನಲ್ಲಿ ವಾಣಿಜ್ಯ ಗ್ರಾಹಕರಿಗೆ ಕನಿಷ್ಠ ಶೇಕಡಾ 20, ಮನೆಗಳಿಗೆ ಶೇಕಡಾ 10 ಹೆಚ್ಚು. ನಿಖರವಾದ ದರವನ್ನೂ ವೇಳೆಯನ್ನೂ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವು ಗೊತ್ತುಪಡಿಸುವುದು.

ಯೂನಿಟ್ಟಿಗೆ ಹತ್ತು ರೂಪಾಯಿ ಸಾಮಾನ್ಯ ದರವೆಂದು ಉದಾಹರಣೆಗಾಗಿ ಹಿಡಿಯೋಣ. ಹೋಟೆಲಿಗೆ ಹಗಲಿನಲ್ಲಿ ಎಂಟು, ಸಂಜೆ ಹನ್ನೆರಡು. ನಾಳಿನ ಇಡ್ಲಿಯ ಹಿಟ್ಟನ್ನು ಸಂಜೆಯ ಬದಲು ಮಧ್ಯಾಹ್ನವೇ ರುಬ್ಬಿ ದಿನಕ್ಕೆ 10 ಯೂನಿಟ್ ಸರಿಸಿದರೆ ತಿಂಗಳಿಗೆ 1,200 ರೂಪಾಯಿ ಉಳಿಯಿತು. ಆದರೆ ಗುಮಾಸ್ತನು ಏನನ್ನು ಸರಿಸಬಲ್ಲನು? ಅಗ್ಗದ ಹೊತ್ತಿನಲ್ಲಿ ಅವನು ಕಚೇರಿಯಲ್ಲಿ. ಹೋಟೆಲಿನ ಹುಡುಗನು ಅಡುಗೆಮನೆಯಲ್ಲಿ. ಇಬ್ಬರೂ ಖೋಲಿಗೆ ಮರಳಿ ದೀಪ, ಪಂಖಗಳನ್ನು ಹಾಕುವುದು ತುಟ್ಟಿಯ ಹೊತ್ತಿನಲ್ಲಿಯೇ. ಹಗಲೆಲ್ಲ ದುಡಿದವನಿಗೆ ಸಂಜೆಯ ಬೆಳಕು ದಂಡವಾಗಬಾರದು. ದರ ನಿಗದಿಗೆ ಮುನ್ನ ಆಯೋಗವು ಸಾರ್ವಜನಿಕರ ಆಕ್ಷೇಪಗಳನ್ನು ಕೇಳುತ್ತದೆ. ನಮ್ಮ ಸಂಘಗಳು ಅಲ್ಲಿ ಈ ಮಾತನ್ನು ಆಡಬೇಕು.

ತಿಳಿದಿರಬೇಕಾದ ಹಕ್ಕುಗಳೂ ಕೆಲವಿವೆ. 2003ರ ಕಾಯಿದೆಯ ಪ್ರಕಾರ, ಬಿಲ್ಲು ಬಾಕಿಯಾದರೆ 15 ದಿನಗಳ ಲಿಖಿತ ಸೂಚನೆಯಿಲ್ಲದೆ ಸಂಪರ್ಕ ಕಡಿಯುವಂತಿಲ್ಲ. ಮುಂಗಡ ಹಣದ ಮೀಟರಿಗೆ ಒಪ್ಪಿದವನಿಂದ ಠೇವಣಿ ಕೇಳುವಂತಿಲ್ಲ. ಮೀಟರು ಹೆಚ್ಚು ತೋರಿಸುತ್ತದೆಂದು ದೂರಿತ್ತರೆ, 2024ರ ನಿಯಮದಂತೆ ಐದು ದಿನಗಳೊಳಗೆ ಪಕ್ಕದಲ್ಲಿ ಇನ್ನೊಂದು ಮೀಟರು ಕೂಡಿಸಿ, ಕನಿಷ್ಠ ಮೂರು ತಿಂಗಳು ತಾಳೆ ನೋಡಬೇಕು.

ಬಾಡಿಗೆಯ ಖೋಲಿಯಲ್ಲಿ ಮೀಟರು ಮಾಲಕನ ಹೆಸರಿನಲ್ಲಿರುತ್ತದೆ. ಬಿಲ್ಲು ಅವನ ಫೋನಿಗೆ ಬರುತ್ತದೆ, ಹಣ ನಮ್ಮ ಕೈಯಿಂದ ಹೋಗುತ್ತದೆ. ಬಿಲ್ಲನ್ನು ತೋರಿಸಿರೆಂದು ಕೇಳುವುದಕ್ಕೆ ಸಂಕೋಚ ಬೇಡ. ಮೀಟರು ಹೊತ್ತು ನೋಡಲು ಕಲಿತಿದೆ; ನಾವು ಅದನ್ನು ಓದಲು ಕಲಿಯೋಣ.