ಮಕ್ಕಳಿಗೂ ಒಂದು ಅಭಿಪ್ರಾಯವುಂಟು

ಒಂದನೆಯ ತರಗತಿಯ ಮಗುವಿಗೆ ಅಭಿಪ್ರಾಯವೆಂಬುದು ಇರುವುದೇ ಎಂದು ಕೇಳುವವರುಂಟು. ಬೇಡದ ಪಲ್ಯವನ್ನು ಬಟ್ಟಲಿನ ಅಂಚಿಗೆ ಸರಿಸುವ ಮಗುವನ್ನು ಕಂಡ ತಾಯಂದಿರು ಹಾಗೆ ಕೇಳಲಾರರು. ಅಭಿಪ್ರಾಯವು ಮಗುವಿನಲ್ಲಿ ಮೊದಲೇ ಇದೆ. ಇಲ್ಲದಿರುವುದು ಅದನ್ನು ಹೇಳುವ ಮಾತು. ಆ ಮಾತನ್ನು ಒದಗಿಸುವುದು ಶಾಲೆಯ ಕೆಲಸ.

ನಮ್ಮ ಕಾಸರಗೋಡಿನಲ್ಲಿ ಈ ಕೆಲಸಕ್ಕೆ ಒಂದು ವಿಶೇಷವಾದ ತೊಡಕುಂಟು. ೧೯೫೬ರ ನವೆಂಬರ್ ೧ರಂದು ಈ ನೆಲವು ಕೇರಳಕ್ಕೆ ಸೇರಿದ ಮೇಲೂ ಕನ್ನಡ ಮಾಧ್ಯಮದ ಶಾಲೆಗಳು ಇಲ್ಲಿ ಉಳಿದುಬಂದಿವೆ. ಆದರೆ ಅಲ್ಲಿನ ಮಕ್ಕಳೆಲ್ಲರ ಮನೆಮಾತು ಕನ್ನಡವಲ್ಲ. ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಮಾತನಾಡುವವರು ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಹವ್ಯಕರ ಮನೆಯ ಕನ್ನಡಕ್ಕೂ ಪುಸ್ತಕದ ಕನ್ನಡಕ್ಕೂ ಅಂತರವುಂಟು. ಇಂತಹ ಮಗು ಕಲಿತುದನ್ನು ಒಪ್ಪಿಸೀತು, ಕರಿಹಲಗೆಯಲ್ಲಿದ್ದುದನ್ನು ಬರೆದುಕೊಂಡೀತು. ತನ್ನದೆನ್ನುವ ಒಂದು ಮಾತನ್ನು ಕನ್ನಡದಲ್ಲಿ ಆಡಲು ಹಿಂಜರಿಯುತ್ತದೆ.

ಇಲ್ಲಿ ಚಿತ್ರವು ನೆರವಿಗೆ ಬರುತ್ತದೆ. ಅದಕ್ಕೆ ಮನೆಮಾತಿನ ಭೇದವಿಲ್ಲ. ಆದರೆ ಕೇಳುವ ಬಗೆ ಸರಿಯಿರಬೇಕು. 'ಮಳೆಯ ಚಿತ್ರ ಬರೆಯಿರಿ' ಎಂದು ಹೇಳಿ, ನಾವೇ ಹಲಗೆಯ ಮೇಲೊಂದು ಕೊಡೆಯನ್ನು ಬರೆದರೆ ತರಗತಿಯ ತುಂಬ ಕೊಡೆಗಳೇ ಆಗುತ್ತವೆ. 'ಮಳೆಗಾಲದಲ್ಲಿ ನಿನಗೆ ಇಷ್ಟವಾದುದೊಂದು, ಬೇಡವಾದುದೊಂದು ಬರೆ' ಎಂದರೆ ಒಬ್ಬನು ತೋಡಿನ ಮೀನನ್ನು ಬರೆದಾನು, ಇನ್ನೊಬ್ಬಳು ನೀರಿನಲ್ಲಿ ಮುಳುಗಿದ ಸಂಕವನ್ನು ಬರೆದಾಳು.

ಅನಂತರ ಮಗುವಿನ ಪಕ್ಕದಲ್ಲಿ ಕುಳಿತು 'ಇದೇನು?' ಎಂದು ಕೇಳಬೇಕು. ಉತ್ತರವು ಮನೆಮಾತಿನಲ್ಲಿ ಬಂದರೂ ಬರಲಿ. ಅದನ್ನೇ ಕನ್ನಡದ ಒಂದು ಸಣ್ಣ ವಾಕ್ಯವಾಗಿಸಿ ಚಿತ್ರದ ಕೆಳಗೆ ಬರೆದುಕೊಡಬೇಕು. 'ನನಗೆ ಮೀನು ಇಷ್ಟ', 'ನನಗೆ ದೊಡ್ಡ ಮಳೆ ಬೇಡ' – ಆರಂಭಕ್ಕೆ ಇಷ್ಟು ಸಾಕು. ಮಗು ಅದನ್ನು ಓದುತ್ತದೆ, ಅದರ ಮೇಲೆ ತಿದ್ದುತ್ತದೆ, ಕ್ರಮೇಣ ತಾನೇ ಬರೆಯುತ್ತದೆ. ಆಗ 'ಏಕೆಂದರೆ' ಎಂಬ ಒಂದು ಪದವನ್ನು ಕೊಡಬೇಕು. 'ನನಗೆ ದೊಡ್ಡ ಮಳೆ ಬೇಡ, ಏಕೆಂದರೆ ಸಂಕ ಮುಳುಗುತ್ತದೆ' ಎಂದಾಗ ಬರಿಯ ಇಷ್ಟಾನಿಷ್ಟವು ಅಭಿಪ್ರಾಯವಾಗುತ್ತದೆ.

ಪಾರ್ತಿಸುಬ್ಬನ ಕುಂಬಳೆ ಸೀಮೆಯ ಮಕ್ಕಳು ಯಕ್ಷಗಾನವನ್ನು ಬರೆಯದಿರಲಾರರು. 'ನನಗೆ ರಾಕ್ಷಸನ ವೇಷ ಇಷ್ಟ, ಏಕೆಂದರೆ ಅವನ ಬೊಬ್ಬೆ ಜೋರು' ಎಂದು ಮಗು ಬರೆದರೆ, 'ಛೆ, ರಾಮನಲ್ಲವೇ ಒಳ್ಳೆಯವನು?' ಎನ್ನಬಾರದು. ಹಾಗೆಂದ ದಿನದಿಂದ ಮಗು ನಮಗೆ ಬೇಕಾದ ಉತ್ತರವನ್ನೇ ಬರೆಯತೊಡಗುತ್ತದೆ. ಅಕ್ಷರದ ತಪ್ಪನ್ನು ತಿದ್ದೋಣ, ಅಭಿಪ್ರಾಯವನ್ನು ಕೇಳೋಣ. 'ನನಗೆ ಹಾಗಲ್ಲ, ನನಗೆ ಹನುಮಂತನೇ ಇಷ್ಟ' ಎಂದು ಪಕ್ಕದವನು ಹೇಳಿದರೆ ಅದನ್ನೂ ಕೇಳೋಣ. ಜಗಳವಿಲ್ಲದೆ ಭಿನ್ನವಾಗಿ ಹೇಳುವುದನ್ನು ಮಕ್ಕಳು ಹೀಗೆಯೇ ಕಲಿಯಬೇಕು.

ಇದು ಹೊಸ ವಿಚಾರವಲ್ಲ. ನೆರೆಯ ಪುತ್ತೂರಿನಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದ್ದರು. ನ್ಯೂಜಿಲೆಂಡಿನ ಅಧ್ಯಾಪಿಕೆ ಸಿಲ್ವಿಯಾ ಆಷ್ಟನ್-ವಾರ್ನರ್ ಅವರು ಮಾವೊರಿ ಮಕ್ಕಳಿಗೆ ಅವರವರೇ ಬೇಡಿದ ಪದಗಳನ್ನು ಚೀಟಿಯಲ್ಲಿ ಬರೆದುಕೊಟ್ಟು ಓದು ಕಲಿಸಿದರು. ಆ ಅನುಭವದ ಪುಸ್ತಕವು ೧೯೬೩ರಲ್ಲಿ ಪ್ರಕಟವಾಯಿತು. ವಿಶ್ವಸಂಸ್ಥೆಯ ೧೯೮೯ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ ೧೨ನೆಯ ವಿಧಿಯು, ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವುದು ಮಗುವಿನ ಹಕ್ಕು ಎಂದಿದೆ. ೧೯೯೨ರಲ್ಲಿ ಭಾರತವೂ ಅದನ್ನು ಒಪ್ಪಿಕೊಂಡಿದೆ.

ಮನೆಯವರಿಗೂ ಇದು ಕಷ್ಟದ ಕೆಲಸವಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿ, ಒಂದು ತುಂಡು ಪೆನ್ಸಿಲು ಸಾಕು. 'ಆನೆ ಹೀಗಿರುತ್ತದೆಯೇ?' ಎಂದು ನಗಬೇಡಿ. ಅದರ ಕತೆಯನ್ನು ಕೇಳಿ, ಒಂದು ವಾಕ್ಯ ಬರೆಯಿಸಿ.

ಗಡಿನಾಡಿನಲ್ಲಿ ಕನ್ನಡವನ್ನು ಉಳಿಸುವ ಬಗ್ಗೆ ಸಭೆಗಳಲ್ಲಿ ಬಹಳ ಹೇಳುತ್ತೇವೆ. ಬೇಕು, ಬೇಡ, ಏಕೆಂದರೆ – ಈ ಮೂರು ಮಾತುಗಳನ್ನು ಮಗು ಕನ್ನಡದಲ್ಲಿ ಆಡಿದಾಗ ಹಿರಿಯರು ಕಿವಿಗೊಟ್ಟರೆ, ಆ ಭಾಷೆ ಅದಕ್ಕೆ ಪರೀಕ್ಷೆಯ ಭಾಷೆಯಾಗಿ ಮಾತ್ರ ಉಳಿಯದು, ತನ್ನದೇ ಆಗುತ್ತದೆ.