‘ಜೀವ ಸಿಕ್ತು’ ಅಂದಿದ್ದೆ, ತಪ್ಪು ನಂದೇ: ಟೆಲಿಸ್ಕೋಪಿನ ಲೆಕ್ಕ ಓದೋದು ಹೇಗೆ?

ಜೆ.ಪಿ. ನಗರದಿಂದ ಮಾತಾಡ್ತಿದ್ದೀನಿ. ಹಿಂದೆ ಗಾಡಿಗಳ ಹಾರ್ನ್ ಕೇಳಿಸಿದರೆ ಕ್ಷಮಿಸಿ, ಕಿಟಕಿ ಮುಚ್ಚಿದರೆ ಸೆಕೆ. ಇವತ್ತಿನ ಎಪಿಸೋಡನ್ನ ಒಂದು ತಿದ್ದುಪಡಿಯಿಂದ ಶುರು ಮಾಡಬೇಕು.

2025ರ ಏಪ್ರಿಲ್‌ನಲ್ಲಿ ನಾನೊಂದು ರೀಲ್ ಹಾಕಿದ್ದೆ. ‘ಬೇರೆ ಗ್ರಹದಲ್ಲಿ ಜೀವ ಸಿಕ್ತು!’ ಅನ್ನೋದು ಅದರ ಮೊದಲ ಸಾಲು. ನಾನು ಹಾಕಿದ್ದರಲ್ಲೆಲ್ಲ ಅತಿ ಹೆಚ್ಚು ಜನ ನೋಡಿದ್ದು ಅದೇ. ಆಮೇಲೆ ಶಾಲೆಗಳು ಶುರುವಾದಾಗ ಬನಶಂಕರಿಯಿಂದ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ವಾಯ್ಸ್ ನೋಟ್ ಕಳಿಸಿದಳು. ನನ್ನ ಮಾತು ನಂಬಿ ಪ್ರಬಂಧದಲ್ಲಿ ಬರೆದಿದ್ದಾಳೆ. ಟೀಚರ್ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ‘ಎಷ್ಟು ಖಚಿತ?’ ಅಂತ ಬರೆದಿದ್ದಾರೆ. ‘ಏನಂತ ಉತ್ತರ ಹೇಳಲಿ?’ ಅಂತ ಅವಳ ಪ್ರಶ್ನೆ. ನನ್ನ ಹತ್ರ ಉತ್ತರ ಇರಲಿಲ್ಲ. ಇವತ್ತು ಇದೆ.

ಮೊದಲು, ಆ ಗ್ರಹ ಯಾವುದು? ಹೆಸರು ಕೆ2-18ಬಿ. ಸಿಂಹ ರಾಶಿಯ ದಿಕ್ಕಿನಲ್ಲಿ, 124 ಜ್ಯೋತಿರ್ವರ್ಷ ದೂರದಲ್ಲಿ, ಒಂದು ಕೆಂಪು ಕುಬ್ಜ ನಕ್ಷತ್ರವನ್ನ 33 ದಿನಕ್ಕೊಮ್ಮೆ ಸುತ್ತುತ್ತೆ. ಭೂಮಿಗಿಂತ ಸುಮಾರು 2.6 ಪಟ್ಟು ಅಗಲ, 8.6 ಪಟ್ಟು ತೂಕ. ಅಲ್ಲಿಂದ ಈಗ ನಮಗೆ ತಲುಪ್ತಿರೋ ಬೆಳಕು ಹೊರಟಾಗ ಬೆಂಗಳೂರಿನ ಬೀದಿಗಳಿಗೆ ಕರೆಂಟ್ ದೀಪವೇ ಬಂದಿರಲಿಲ್ಲ. ಅದು ಬಂದಿದ್ದು 1905ರಲ್ಲಿ.

ಇಷ್ಟು ದೂರದ ಗ್ರಹವನ್ನ ಯಾರೂ ‘ನೋಡಿಲ್ಲ’. ಮತ್ತೆ ಹೇಗೆ ಗೊತ್ತಾಯ್ತು? ನಾನು ಬಿ.ಕಾಂ. ಓದಿದವನು, ನನ್ನ ಭಾಷೆಯಲ್ಲೇ ಹೇಳ್ತೀನಿ. ಒಂದು ಅಂಗಡಿ ಇದೆ, ಪ್ರತಿ ಗಂಟೆಗೆ ಸರಿಯಾಗಿ 10,000 ರೂಪಾಯಿ ಕಲೆಕ್ಷನ್ ಅಂತಿಟ್ಕೊಳ್ಳಿ. ಆದರೆ ಒಂದು ನಿಗದಿತ ಅಂತರದಲ್ಲಿ, ಸ್ವಲ್ಪ ಹೊತ್ತು ಮಾತ್ರ, ಗಲ್ಲಾದಲ್ಲಿ ಒಂದಿಷ್ಟು ಕಮ್ಮಿ ಬೀಳುತ್ತೆ. ಕಳ್ಳನ ಮುಖ ನೋಡಿಲ್ಲ. ಆದರೂ ಎಷ್ಟು ಕಮ್ಮಿ, ಎಷ್ಟು ಹೊತ್ತು, ಎಷ್ಟು ದಿನಕ್ಕೊಮ್ಮೆ ಅನ್ನೋದರಿಂದ ಅವನ ಬಗ್ಗೆ ಬಹಳಷ್ಟು ಹೇಳಬಹುದು. ಗ್ರಹ ತನ್ನ ನಕ್ಷತ್ರದ ಮುಂದೆ ಹಾದುಹೋದಾಗ ಬೆಳಕು ಹೀಗೇ ಇಳಿಯುತ್ತೆ. ಇದಕ್ಕೆ ‘ಟ್ರಾನ್ಸಿಟ್’, ಕನ್ನಡದಲ್ಲಿ ‘ಸಂಕ್ರಮಣ’ ಅಂತಾರೆ.

ಈ ಲೆಕ್ಕ ನಮ್ಮ ಊರಲ್ಲೂ ನಡೆಯುತ್ತೆ ಅಂತ ನನಗೆ ಗೊತ್ತಾಗಿದ್ದು ಆ ಹುಡುಗಿಗೆ ಉತ್ತರ ಹುಡುಕೋಕೆ ಕೂತಾಗ. ಕೋರಮಂಗಲದಲ್ಲಿ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಇದೆ. ಅವರ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇರೋದು ಲಡಾಖ್‌ನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ. ಕನ್ನಡಿಯ ಅಗಲ 2 ಮೀಟರ್. ಆದರೆ ಅದನ್ನ ತಿರುಗಿಸೋರು ಕೂರೋದು ನಮ್ಮ ಹೊಸಕೋಟೆ ಹತ್ತಿರದ ಕ್ಯಾಂಪಸ್‌ನಲ್ಲಿ, ಸ್ಯಾಟಲೈಟ್ ಲಿಂಕ್ ಮೂಲಕ! ಬೆಳಗಿನ ಜಾವ ಬಿರಿಯಾನಿಗೆ ಅಂತ ಹೊಸಕೋಟೆಗೆ ಗಾಡಿ ಓಡಿಸ್ತೀವಲ್ಲ, ಆ ಹೊತ್ತಿಗೆ ಅಲ್ಲಿ ಯಾರೋ ರಾತ್ರಿಯ ಕೆಲಸ ಮುಗಿಸ್ತಿರ್ತಾರೆ.

ಈ ಟೆಲಿಸ್ಕೋಪು ಮತ್ತೆ ತಮಿಳುನಾಡಿನ ಕಾವಲೂರಿನಲ್ಲಿರೋ 1.3 ಮೀಟರ್ ಟೆಲಿಸ್ಕೋಪು, ಎರಡನ್ನೂ ಬಳಸಿ ಆ ಸಂಸ್ಥೆಯ ಸುಜನ್ ಸೇನ್‌ಗುಪ್ತ ಮತ್ತು ಅವರ ಸಹೋದ್ಯೋಗಿಗಳು ಕೆಲವು ಬಿಸಿ ಗುರುಗ್ರಹಗಳನ್ನ, ಅಂದ್ರೆ ನಕ್ಷತ್ರಕ್ಕೆ ತೀರಾ ಹತ್ತಿರದಲ್ಲಿ ಸುತ್ತೋ ದೈತ್ಯ ಗ್ರಹಗಳನ್ನ, ಮತ್ತೆ ಅಳೆದು 2021ರಲ್ಲಿ ಪ್ರಕಟಿಸಿದರು. ಅದರಲ್ಲಿ ಒಂದು ವಾಸ್ಪ್-43ಬಿ. ದೂರ ಸುಮಾರು 280 ಜ್ಯೋತಿರ್ವರ್ಷ. ಅಲ್ಲಿ ಒಂದು ವರ್ಷ ಅಂದ್ರೆ ಬರೀ 19.5 ಗಂಟೆ. ನಾವು ಒಂದು ಸಲ ಮಲಗಿ ಎದ್ದು ಆಫೀಸಿಗೆ ಹೋಗಿ ಬರೋದರೊಳಗೆ ಅಲ್ಲಿ ಯುಗಾದಿ ಬಂದುಬಿಡುತ್ತೆ.

ವಾಸ್ಪ್-43ಬಿ ಅಡ್ಡ ಬಂದಾಗ 10,000 ರೂಪಾಯಿಯಲ್ಲಿ ಸುಮಾರು 250 ರೂಪಾಯಿ ಕಮ್ಮಿ ಬೀಳುತ್ತೆ. ದೊಡ್ಡ ಮೊತ್ತವೇ. ಆದರೂ ಸುಲಭ ಅಲ್ಲ. ತೆಳು ಮೋಡ ಹಾದರೂ ಬೆಳಕು ಇಳಿಯುತ್ತೆ. ಗಾಳಿ ಅಲುಗಿದರೂ ಮಿನುಗುತ್ತೆ. ನಕ್ಷತ್ರದ ಮೈಮೇಲೆ ಕಲೆ ಇದ್ದರೂ ಲೆಕ್ಕ ತಪ್ಪುತ್ತೆ. ಇದನ್ನೆಲ್ಲ ಸೇರಿಸಿ ‘ನಾಯ್ಸ್’ ಅಂತಾರೆ, ಗದ್ದಲ. ಆ 2021ರ ಸಂಶೋಧನೆಯ ಮುಖ್ಯ ಕೆಲಸವೇ ಗದ್ದಲವನ್ನ ಗಣಿತದಿಂದ ಸೋಸಿ, ಗ್ರಹದ ಅಳತೆಗಳನ್ನ ಇನ್ನಷ್ಟು ನಿಖರ ಮಾಡೋದು. ಹೊಸ ಗ್ರಹ ಸಿಗಲಿಲ್ಲ, ಹೆಡ್‌ಲೈನೂ ಆಗಲಿಲ್ಲ. ನಮ್ಮ ಕಡೆ ಇದನ್ನ ಆಡಿಟ್ ಅಂತೀವಿ.

ಈ ಆಡಿಟ್ ಯಾಕೆ ಬೇಕು ಅಂದ್ರೆ, ವಾಸ್ಪ್-43ಬಿ ನಮ್ಮ ಒಂದು ವರ್ಷದಲ್ಲಿ ಸುಮಾರು 450 ಸುತ್ತು ಹಾಕುತ್ತೆ. ಒಂದು ಸುತ್ತಿನ ಅವಧಿಯಲ್ಲಿ ಬರೀ 1 ಸೆಕೆಂಡ್ ತಪ್ಪಿದ್ದರೂ ವರ್ಷದ ಕೊನೆಗೆ ಅದು 450 ಸೆಕೆಂಡ್, ಅಂದ್ರೆ ಏಳೂವರೆ ನಿಮಿಷ ಆಗುತ್ತೆ. ಜೇಮ್ಸ್ ವೆಬ್ ಥರದ ಟೆಲಿಸ್ಕೋಪಿನ ಸಮಯಕ್ಕೆ ಜಗತ್ತಿನಾದ್ಯಂತ ಕ್ಯೂ ಇರುತ್ತೆ. ಗ್ರಹ ಯಾವಾಗ ಬರುತ್ತೆ ಅಂತ ಅದು ಕಾಯ್ತಾ ಕೂರೋಕಾಗಲ್ಲ. ನೆಲದ ಮೇಲಿನ ಚಿಕ್ಕ ಟೆಲಿಸ್ಕೋಪುಗಳು ಮತ್ತೆ ಮತ್ತೆ ನೋಡೋದರಿಂದ ಆ ಟೈಮ್‌ಟೇಬಲ್ ಸರಿ ಉಳಿಯುತ್ತೆ. ಇದೇ ವಾಸ್ಪ್-43ಬಿ ಬಗ್ಗೆ 2024ರಲ್ಲಿ ವೆಬ್ ಫಲಿತಾಂಶ ಬಂತು: ಹಗಲಿನ ಬದಿ ಸುಮಾರು 1,250 ಡಿಗ್ರಿ ಸೆಲ್ಸಿಯಸ್, ಇರುಳಿನ ಬದಿ ಸುಮಾರು 600. ಮುಖವನ್ನೇ ನೋಡದ ಗ್ರಹದ ಹವಾಮಾನ ವರದಿ!

ಈಗ ಕೆ2-18ಬಿಗೆ ಬರೋಣ. ಅದು ಅಡ್ಡ ಬಂದಾಗ ಕಮ್ಮಿ ಬೀಳೋದು 250 ಅಲ್ಲ, 10,000ಕ್ಕೆ ಸುಮಾರು 29 ರೂಪಾಯಿ. ಗ್ರಹದ ಗಾಳಿಯಲ್ಲಿ ಏನಿದೆ ಅಂತ ತಿಳಿಯೋಕೆ ಆ ಬೆಳಕನ್ನ ಬಣ್ಣಬಣ್ಣವಾಗಿ ಬಿಡಿಸಬೇಕು. ಒಂದೊಂದು ಅನಿಲ ಒಂದೊಂದು ಬಣ್ಣವನ್ನ ನುಂಗುತ್ತೆ. ಆ ಬಣ್ಣದಲ್ಲಿ 29ರ ಬದಲು 30 ಬೀಳಬಹುದು. ಇಡೀ ಸುದ್ದಿ ನಿಂತಿರೋದು 10,000 ರೂಪಾಯಿಯಲ್ಲಿ ಆ ಒಂದೆರಡು ರೂಪಾಯಿ ಮೇಲೆ.

2023ರಲ್ಲಿ ವೆಬ್ ಅಲ್ಲಿ ಮೀಥೇನ್ ಮತ್ತು ಕಾರ್ಬನ್ ಡೈಆಕ್ಸೈಡ್ ಗುರುತಿಸಿತ್ತು. 2025ರ ಏಪ್ರಿಲ್‌ನಲ್ಲಿ ಕೇಂಬ್ರಿಡ್ಜ್‌ನ ಭಾರತೀಯ ಮೂಲದ ವಿಜ್ಞಾನಿ ನಿಕ್ಕು ಮಧುಸೂದನ್ ಅವರ ತಂಡ, ಡೈಮೀಥೈಲ್ ಸಲ್ಫೈಡ್ ಅಥವಾ ಅದರ ಹತ್ತಿರದ ಇನ್ನೊಂದು ಅನಿಲದ ಸುಳಿವು ಇದೆ ಅಂತು. ಭೂಮಿಯಲ್ಲಿ ಇದನ್ನ ಮುಖ್ಯವಾಗಿ ಸಮುದ್ರದ ಸೂಕ್ಷ್ಮ ಸಸ್ಯಜೀವಿಗಳು ತಯಾರಿಸ್ತವೆ. ಅದಕ್ಕೇ ಅಷ್ಟು ಗದ್ದಲ.

ಖಚಿತತೆ ಎಷ್ಟು? ‘3 ಸಿಗ್ಮಾ’. ಅಂದ್ರೆ, ಅಂಥ ಅನಿಲ ಇಲ್ಲದೇ ಇದ್ದರೂ ಬರೀ ಗದ್ದಲದಿಂದಲೇ ಇಂಥ ಸುಳಿವು ಮೂಡೋ ಸಾಧ್ಯತೆ 1,000ಕ್ಕೆ ಸುಮಾರು 3. ‘99.7 ಪರ್ಸೆಂಟ್ ಜೀವ ಇದೆ’ ಅಂತ ಅಲ್ಲ. ಇದನ್ನೇ ನಾನು ತಪ್ಪಾಗಿ ಓದಿದ್ದು. ಸಂಶೋಧನೆ ಅಂತ ಒಪ್ಪೋಕೆ ಸಾಮಾನ್ಯವಾಗಿ ಕೇಳೋದು 5 ಸಿಗ್ಮಾ, ಅಂದ್ರೆ 1 ಕೋಟಿಗೆ ಸುಮಾರು 6. ಇನ್ನೂ 16ರಿಂದ 24 ಗಂಟೆ ವೀಕ್ಷಣೆ ಸಿಕ್ಕರೆ ಆ ಮಟ್ಟ ಮುಟ್ಟಬಹುದು ಅಂತ ಆ ತಂಡವೇ ಹೇಳಿತ್ತು. ಆಮೇಲೆ ಬೇರೆ ತಂಡಗಳು ಅದೇ ಡೇಟಾವನ್ನ ತಮ್ಮ ವಿಧಾನದಲ್ಲಿ ಪರಿಶೀಲಿಸಿ, ಬಲವಾದ ಪುರಾವೆ ಇಲ್ಲ ಅಂದವು. ಇನ್ನೊಂದು ವಿಷಯ: ಡೈಮೀಥೈಲ್ ಸಲ್ಫೈಡ್‌ನ ಗುರುತು ಒಂದು ಧೂಮಕೇತುವಿನಲ್ಲೂ ಸಿಕ್ಕಿದೆ. ಅಲ್ಲಿ ಸಮುದ್ರವೂ ಇಲ್ಲ, ಪಾಚಿಯೂ ಇಲ್ಲ.

ಹಾಗಾಗಿ ಇಂಥ ಸುದ್ದಿ ಫೋನಿಗೆ ಬಂದಾಗ ಮೂರು ಪ್ರಶ್ನೆ ಕೇಳಿ. ಸುಳಿವು ನಿಜವೋ, ಗದ್ದಲವೋ? ನಿಜವಾದರೆ, ಅದು ಅದೇ ಅನಿಲವೋ, ಬೇರೆಯದೋ? ಅದೇ ಆದರೆ, ಜೀವ ಇಲ್ಲದೆ ಅದು ಹುಟ್ಟೋಕೆ ಸಾಧ್ಯವಿಲ್ಲವೋ? ಕೆ2-18ಬಿ ವಿಷಯದಲ್ಲಿ ಮೊದಲನೇ ಪ್ರಶ್ನೆಯಲ್ಲೇ ವಾದ ನಡೀತಿದ್ದಾಗ, ನಾನು ಮೂರನ್ನೂ ದಾಟಿ ರೀಲ್ ಮಾಡಿಬಿಟ್ಟಿದ್ದೆ.

ಮಧುಸೂದನ್ ಅವರ ತಂಡ ಸುಳ್ಳು ಹೇಳಲಿಲ್ಲ. ಎಷ್ಟು ಖಚಿತ ಅಂತ ಸಂಖ್ಯೆಯಲ್ಲೇ ಬರೆದಿತ್ತು. ಆ ಸಂಖ್ಯೆಯನ್ನ ಬಿಟ್ಟು ಬರೀ ‘ಸಿಕ್ತು’ ಅನ್ನೋದನ್ನ ಇಟ್ಟುಕೊಂಡವನು ನಾನು.

ರೀಲ್ ತೆಗೆದಿದ್ದೀನಿ, ಅದೇ ಜಾಗದಲ್ಲಿ ಈ ಎಪಿಸೋಡಿನ ಲಿಂಕ್ ಇದೆ. ಬನಶಂಕರಿಯ ತಂಗಿಗೆ ಪ್ರತ್ಯೇಕವಾಗಿಯೂ ಉತ್ತರ ಕಳಿಸಿದೆ. ‘1,000ಕ್ಕೆ 3 ಅಂತ ಬರೀಲಾ?’ ಅಂತ ಕೇಳಿದಳು. ‘ಬರಿ, ಜೊತೆಗೆ ಬೇರೆಯವರು ಒಪ್ಪಿಲ್ಲ ಅಂತಲೂ ಬರಿ’ ಅಂದೆ.

ನಿನ್ನೆ ರಾತ್ರಿ ಟೆರೇಸಿಗೆ ಹೋಗಿದ್ದೆ. ಜೆ.ಪಿ. ನಗರದ ದೀಪಗಳ ನಡುವೆ ಎಣಿಸಿದರೆ ಹತ್ತು ಹನ್ನೆರಡು ನಕ್ಷತ್ರ. ಹಾನ್ಲೆಯಲ್ಲಿ ಹೀಗಾಗದಿರಲಿ ಅಂತಲೇ 2022ರಲ್ಲಿ ಅದನ್ನ ಕತ್ತಲ ಆಕಾಶದ ಮೀಸಲು ಪ್ರದೇಶ ಅಂತ ಘೋಷಿಸಿದ್ದಾರೆ. ಅಲ್ಲಿಯ ಊರಿನ ಜನ ರಾತ್ರಿ ದೀಪಗಳನ್ನ ಮಂದ ಮಾಡಿ ಸಹಕರಿಸ್ತಾರೆ. ಆ ಕತ್ತಲು ಇರೋದರಿಂದಲೇ ಹೊಸಕೋಟೆಯಲ್ಲಿ ಕೂತವರಿಗೆ ಲೆಕ್ಕ ಸಿಗೋದು.

ನಾನು ಇನ್ನೇನಾದರೂ ತಪ್ಪು ಹೇಳಿದ್ದರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.