ಮಜ್ಜೆಯಲ್ಲಿ ಬೆಳೆವ ಕಳೆ

ರಕ್ತಕ್ಕೂ ಅರ್ಬುದ ತಗಲುವುದುಂಟೆ?
ಉಂಟು, ವೀಕ್ಷಕರೆ;
ಲ್ಯುಕೇಮಿಯ ಎಂಬ ಆ ವ್ಯಾಧಿಯ ಮೂಲವಿರುವುದು
ರಕ್ತವನ್ನು ಹುಟ್ಟಿಸುವ ಅಸ್ಥಿಮಜ್ಜೆಯಲ್ಲಿ.

ತುಂಗಭದ್ರೆಯ ಕಾಲುವೆ ನೀರುಂಡ ಕಂಪ್ಲಿಯ ಭತ್ತದ ಗದ್ದೆಯಲ್ಲಿ,
ಪೈರಿನಂತೆಯೇ ತೋರಿ,
ಪೈರಿನ ಸಾರವನ್ನೆಲ್ಲ ಹೀರಿ,
ಕಡೆಗೆ ಒಂದು ಕಾಳನ್ನೂ ಕೊಡದ ಕಳೆಯನ್ನು ಕಂಡಿರುವಿರಷ್ಟೆ;
ಅಪಕ್ವವಾದ ಬಿಳಿಯ ರಕ್ತಕಣಗಳು ಮಜ್ಜೆಯನ್ನು ಆಕ್ರಮಿಸುವುದೂ ಹಾಗೆಯೇ.

ಆಗ ಕೆಂಪು ಕಣಗಳು ಕುಗ್ಗಿ ಮುಖ ಬಿಳಿಚುವುದು;
ಪ್ಲೇಟ್‌ಲೆಟ್ ಕುಗ್ಗಿ ವಸಡಿನಲ್ಲಿ ರಕ್ತ ಒಸರುವುದು,
ಪೆಟ್ಟಿಲ್ಲದೆಯೇ ತೊಡೆಯ ಮೇಲೆ ನೀಲಿ ಕಲೆ ಮೂಡುವುದು;
ಜ್ವರ ಮತ್ತೆ ಮತ್ತೆ ಮರಳುವುದು.

ವಾರಗಳಲ್ಲಿ ಉಲ್ಬಣಿಸುವುದು ತೀವ್ರ ಬಗೆ;
ವರ್ಷಗಟ್ಟಲೆ ಮೆಲ್ಲನೆ ಸಾಗುವುದು ದೀರ್ಘಕಾಲಿಕ.
ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ತೀವ್ರ ಲಿಂಫಾಯ್ಡ್ ಬಗೆ;
ಎರಡು ಮೂರು ವರ್ಷದ ಚಿಕಿತ್ಸೆ ಪೂರ್ಣವಾಗಿ ದೊರೆತರೆ
ಬಹುಪಾಲು ಮಕ್ಕಳು ಗುಣಹೊಂದುವರು.

ಮೊದಲ ಸುಳಿವು ಹೊಸಪೇಟೆಯ ಲ್ಯಾಬಿನಲ್ಲಿ ಮಾಡಿಸುವ ಸಿಬಿಸಿ ಎಂಬ ರಕ್ತಪರೀಕ್ಷೆಯಲ್ಲಿಯೇ ದೊರೆಯಬಹುದು;
ನಿರ್ಣಯಕ್ಕೆ ಸೊಂಟದ ಮೂಳೆಯಿಂದ ತೆಗೆದ ಮಜ್ಜೆಯ ಪರೀಕ್ಷೆ ಸಾಮಾನ್ಯವಾಗಿ ಅವಶ್ಯ.

ಚಿಕಿತ್ಸೆಯೆಂದರೆ ಮುಖ್ಯವಾಗಿ ಕೀಮೋಥೆರಪಿ, ಕೆಲವರಿಗೆ ಮಜ್ಜೆಯ ಕಸಿ.
ದೀರ್ಘಕಾಲಿಕ ಮೈಲಾಯ್ಡ್ ಬಗೆಯನ್ನಂತೂ
2001ರಲ್ಲಿ ಬಳಕೆಗೆ ಬಂದ ಇಮಾಟಿನಿಬ್ ಎಂಬ ಮಾತ್ರೆಯೇ
ಬಹುಮಂದಿಯಲ್ಲಿ ಹತೋಟಿಗೆ ತಂದಿತು;
ವೈದ್ಯಶಾಸ್ತ್ರದ ಮಹತ್ತಾದ ಜಯಗಳಲ್ಲಿ ಇದೊಂದೆಂದು ನನ್ನ ದೃಢವಾದ ನಂಬಿಕೆ.

ಬೆಂಗಳೂರಿನಲ್ಲಿ ಸರ್ಕಾರದ ಕಿದ್ವಾಯಿ ಅರ್ಬುದ ಚಿಕಿತ್ಸಾ ಸಂಸ್ಥೆಯುಂಟು;
ಬಿಪಿಎಲ್ ಕುಟುಂಬಕ್ಕೆ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ
ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವುಂಟು.

ಸಂಡೂರಿನ ತಾಯಂದಿರೆ, ಕಂಪ್ಲಿಯ ಅಣ್ಣಂದಿರೆ,
ಮಗು ಚೇತರಿಸಿಕೊಂಡಂತೆ ಕಂಡಿತೆಂದು
ಚಿಕಿತ್ಸೆಯನ್ನು ನಡುವೆ ನಿಲ್ಲಿಸದಿರಿ.